ದಾರಿ ಕಾಯುವವರು

ಬೆಳಗಾವಿಯಿಂದ ಬಾಗಲಕೋಟೆಗೆ ಹೋಗುವ ಹಾದಿಯೂ ಗೋಕಾಕದಿಂದ ಸವದತ್ತಿಗೆ ಹೋಗುವ ಹಾದಿಯೂ ಕೂಡುವ ಊರು ಯರಗಟ್ಟಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಸಮೀಪಿಸಿದವೆಂದರೆ ಈ ಕೂಡುದಾರಿಯಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಕಾಲ್ನಡಿಗೆಯ ಭಕ್ತರ ಸಾಲುಗಳೂ ಕಾಣತೊಡಗುತ್ತವೆ. ಹಾದಿಯ ಬದಿಯ ಜನ ನಿಂತು ನೋಡುತ್ತಾರೆ. ಕೇಳಿದವರಿಗೆ ನೀರು ಕೊಡುತ್ತಾರೆ. ದಣಿದವರಿಗೆ ನೆರಳು ತೋರಿಸುತ್ತಾರೆ. ಹೋಗುವವರು ಯಾರೋ, ಅವರ ಊರು ಯಾವುದೋ ಎಂದು ಯಾರೂ ವಿಚಾರಿಸುವುದಿಲ್ಲ. ಯಾತ್ರೆಯೆಂಬುದು ನಡೆಯುವವರಿಂದ ಮಾತ್ರ ಆಗುವುದಲ್ಲ, ದಾರಿಯಲ್ಲಿ ನಿಂತವರಿಂದಲೂ ಆಗುತ್ತದೆ ಎಂಬ ತಿಳಿವಳಿಕೆ ಈ ನೆಲಕ್ಕೆ ಹಳೆಯದು. ಇದೇ ತಿಳಿವಳಿಕೆಯನ್ನು ಆಧಾರವಾಗಿ ಉಳ್ಳ ಆಟವೊಂದು ಲೋಕದಲ್ಲಿದೆ. ಅದು ಹಲವು ದಿನಗಳ ಸೈಕಲ್ ಓಟ.

ಈ ಓಟಕ್ಕೆ ಕ್ರೀಡಾಂಗಣವಿಲ್ಲ. ಊರಿಂದ ಊರಿಗೆ ಹೋಗುವ ಸಾಮಾನ್ಯ ರಸ್ತೆಯೇ ಅದರ ಅಂಗಳ. ಒಂದೊಂದು ದಿನ ಒಂದೊಂದು ಮಜಲು. ಒಂದು ಮಜಲು ಬಯಲಿನಲ್ಲಿ ಸಾಗಿದರೆ ಮತ್ತೊಂದು ಗುಡ್ಡ ಏರುತ್ತದೆ. ಪ್ರತಿಯೊಂದು ಮಜಲಿಗೂ ಒಬ್ಬ ವಿಜಯಿ ಇರುತ್ತಾನೆ. ಆದರೆ ಎಲ್ಲ ಮಜಲುಗಳ ಕಾಲವನ್ನು ಕೂಡಿಸಿದಾಗ ಯಾರಿಗೆ ಎಲ್ಲರಿಗಿಂತ ಕಡಿಮೆ ಸಮಯ ಹಿಡಿದಿರುತ್ತದೆಯೋ ಅವನೇ ಇಡೀ ಓಟದ ವಿಜಯಿ. ಈ ಬಗೆಯ ಓಟಗಳಲ್ಲಿ ಅತ್ಯಂತ ಪ್ರಸಿದ್ಧವಾದ ಟೂರ್ ದ ಫ್ರಾನ್ಸ್ 1903ರಲ್ಲಿ ಆರಂಭವಾಯಿತು. 1989ರಲ್ಲಿ ಅದರ ಸವಾರರು ಮೂರು ವಾರಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಕ್ರಮಿಸಿದ ಮೇಲೆ, ಅಮೆರಿಕದ ಗ್ರೆಗ್ ಲಮಾಂಡ್ ಕೇವಲ 8 ಸೆಕೆಂಡುಗಳ ಅಂತರದಿಂದ ಗೆದ್ದನು. ಮರುವರ್ಷ ಅವನು ಯಾವ ಒಂದು ಮಜಲನ್ನೂ ಗೆಲ್ಲದೆಯೇ ಇಡೀ ಓಟವನ್ನು ಗೆದ್ದನು. ದಿನದ ಗೆಲುವಿಗಿಂತ ದಿನದಿನದ ಸಹನೆ ದೊಡ್ಡದೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ.

ಒಬ್ಬನ ಹೆಸರಿನಲ್ಲಿ ಬರುವ ಈ ಗೆಲುವು ಒಬ್ಬನದೇ ಅಲ್ಲ. ಸೈಕಲ್ ಸವಾರನಿಗೆ ಗಾಳಿಯೇ ಮುಖ್ಯ ವೈರಿ. ಮುಂದಿನವನ ಬೆನ್ನ ಹಿಂದೆ ಸಾಗುವವನಿಗೆ ಗಾಳಿಯ ತಡೆ ಬಹಳಷ್ಟು ಕಡಿಮೆಯಾಗುತ್ತದೆ. ಅಷ್ಟು ಶಕ್ತಿ ಅವನಲ್ಲಿ ಉಳಿಯುತ್ತದೆ. ಆದ್ದರಿಂದ ತಂಡದ ಇತರರು ಸರದಿಯಂತೆ ಮುಂದೆ ನಿಂತು ಗಾಳಿಗೆ ಎದೆಯೊಡ್ಡುತ್ತಾರೆ; ಹಿಂದಕ್ಕೆ ಹೋಗಿ ತಂಡದ ವಾಹನದಿಂದ ನೀರಿನ ಬಾಟಲಿಗಳನ್ನು ಹೊತ್ತು ತರುತ್ತಾರೆ; ನಾಯಕನ ಚಕ್ರ ಕೆಟ್ಟರೆ ತಮ್ಮ ಚಕ್ರವನ್ನೇ ಬಿಚ್ಚಿ ಕೊಡುತ್ತಾರೆ. ಹೀಗೆ ದುಡಿದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುವುದಿಲ್ಲ. ಅವನ ದುಡಿಮೆಯನ್ನು ಕಣ್ಣಾರೆ ಕಾಣುವವನು ರಸ್ತೆಯ ಅಂಚಿನಲ್ಲಿ ನಿಂತ ಪ್ರೇಕ್ಷಕನೊಬ್ಬನೇ. ಆ ಪ್ರೇಕ್ಷಕನಿಗೆ ನೋಡುವ ಕಣ್ಣಿರಬೇಕು, ಅಷ್ಟೆ.

ಈ ಆಟದ ಹಂಗಾಮು ಜುಲೈ ತಿಂಗಳ ಟೂರ್ ದ ಫ್ರಾನ್ಸ್‌ನಿಂದ ಆರಂಭವಾಗುವುದಿಲ್ಲ, ಜನವರಿಯಲ್ಲಿಯೇ ಆರಂಭವಾಗುತ್ತದೆ. ದಕ್ಷಿಣ ಆಸ್ಟ್ರೇಲಿಯದ ಅಡಿಲೇಡ್ ನಗರದ ಸುತ್ತಮುತ್ತ ಸುಡುಬಿಸಿಲಿನಲ್ಲಿ ನಡೆಯುವ ಟೂರ್ ಡೌನ್ ಅಂಡರ್ 1999ರಲ್ಲಿ ಆರಂಭವಾದುದು. ಮಾರ್ಚ್ ತಿಂಗಳಲ್ಲಿ ಪ್ಯಾರಿಸ್–ನೀಸ್ ಓಟ ಬರುತ್ತದೆ. 1933ರಲ್ಲಿ ಆರಂಭವಾದ ಈ ಓಟ ಪ್ಯಾರಿಸ್ಸಿನ ಆಸುಪಾಸಿನ ಚಳಿಯಿಂದ ಹೊರಟು ಮೆಡಿಟರೇನಿಯನ್ ತೀರದ ನೀಸ್ ನಗರವನ್ನು ಸೇರುತ್ತದೆ; ಅದನ್ನು ಸೂರ್ಯನೆಡೆಗಿನ ಓಟವೆಂದೇ ಕರೆಯುತ್ತಾರೆ. ಭಾರತವೂ ಈಗ ಈ ಪಂಚಾಂಗದಿಂದ ಹೊರಗಿಲ್ಲ. 2026ರ ಜನವರಿಯಲ್ಲಿ ಪುಣೆಯ ಸುತ್ತಲಿನ ರಸ್ತೆಗಳಲ್ಲಿ ಪುಣೆ ಗ್ರ್ಯಾಂಡ್ ಟೂರ್ ಎಂಬ ಐದು ದಿನಗಳ ಅಂತಾರಾಷ್ಟ್ರೀಯ ಓಟ ನಡೆಯಿತು. ಬೆಳಗಾವಿಯಿಂದ ಉತ್ತರಕ್ಕೆ ಹೆದ್ದಾರಿ ಹಿಡಿದರೆ ತಲುಪುವ ನಗರವದು.

ಹಂಗಾಮಿನ ಆರಂಭದ ಓಟಗಳಲ್ಲಿ ದೊಡ್ಡ ಕಿರೀಟವಿಲ್ಲ. ಹೆಸರಾಂತ ಸವಾರರು ವಿಶ್ರಾಂತಿ ಮುಗಿಸಿ ಬಂದು ತಮ್ಮ ಬಲವನ್ನು ತೂಗಿ ನೋಡಿಕೊಳ್ಳುತ್ತಿರುತ್ತಾರೆ. ಹೊಸಬನಿಗೆ ತನ್ನನ್ನು ತೋರಿಸಿಕೊಳ್ಳುವ ಅವಕಾಶ ಸಿಗುತ್ತದೆ. ಹಾಗಿದ್ದೂ ಜನ ಬರುತ್ತಾರೆ. ಅಡಿಲೇಡಿನ ಬಳಿಯ ವಿಲ್ಲುಂಗ ಗುಡ್ಡದ ಏರಿನಲ್ಲಿ ತಮ್ಮ ತಮ್ಮ ಸೈಕಲ್ಲುಗಳನ್ನೇ ತುಳಿದುಕೊಂಡು ಬಂದವರು ಗಂಟೆಗಟ್ಟಲೆ ಬಿಸಿಲಿನಲ್ಲಿ ಕಾಯುತ್ತಾರೆ. ಕ್ರೀಡೆಯ ನಿಜವಾದ ಅಭಿಮಾನಿಗಳು ಇವರೇ. ಬಿತ್ತುವಾಗ ಹೊಲದ ಕಡೆ ತಲೆ ಹಾಕದೆ ರಾಶಿಯ ದಿನ ಮಾತ್ರ ಕಣಕ್ಕೆ ಬಂದವನನ್ನು ರೈತ ಬಂಧುವೆಂದು ಕರೆಯುವುದಿಲ್ಲ. ಗೆದ್ದವನಿಗೆ ಜಯಕಾರ ಹಾಕಲು ಎಲ್ಲರೂ ಸಿದ್ಧರು. ಯಾರು ಗೆಲ್ಲುವರೆಂಬುದು ತಿಳಿಯುವ ಮೊದಲೇ ಬಂದು ನಿಲ್ಲುವುದು ಅಭಿಮಾನದ ಒರೆಗಲ್ಲು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಮೂರು ತಾಸು ಕಾದು ಅರ್ಧ ನಿಮಿಷ ನೋಡುವುದರಲ್ಲಿ ಏನು ಸುಖವಿದೆ? ಸವಾರರ ಗುಂಪು ಗಾಳಿಯಂತೆ ಬಂದು ಗಾಳಿಯಂತೆ ಹೋಗಿಬಿಡುತ್ತದೆ. ಮನೆಯಲ್ಲಿ ಟೆಲಿವಿಷನ್ನಿನ ಮುಂದೆ ಕುಳಿತರೆ ಓಟವೆಲ್ಲವೂ ಕಾಣುತ್ತದೆಯಲ್ಲವೇ? ಇನ್ನು ಕೆಲವರು, ನೋಡುತ್ತ ನಿಲ್ಲುವುದಕ್ಕಿಂತ ಆಡುವುದೇ ಮೇಲೆಂದು ವಾದಿಸುತ್ತಾರೆ. ಈ ಎರಡು ಮಾತುಗಳಲ್ಲಿಯೂ ಸತ್ಯದ ಅಂಶವಿದೆ; ಆದರೆ ಪೂರ್ಣ ಸತ್ಯವಿಲ್ಲ. ಪರದೆಯ ಮುಂದೆ ಕುಳಿತವನು ಓಟವನ್ನು ಕಾಣುತ್ತಾನೆ, ನಿಜ. ಆದರೆ ಓಟಗಾರ ಅವನನ್ನು ಕಾಣುವುದಿಲ್ಲ. ಗುಡ್ಡದ ಏರಿನಲ್ಲಿ ಉಸಿರು ಕಟ್ಟಿ ಎಲ್ಲರಿಗಿಂತ ಹಿಂದೆ ಬಿದ್ದ ಸವಾರನಿಗೆ ಹಾದಿಯ ಬದಿಯಿಂದ ಬರುವ ಒಂದು ಕೂಗು ಎಷ್ಟು ದೊಡ್ಡ ಆಸರೆಯೆಂಬುದು ಹಿಂದೆ ಬಿದ್ದವರಿಗೇ ಗೊತ್ತು. ಮುಂದಿನವರು ದಾಟಿಹೋದ ಮೇಲೂ ಕೊನೆಯ ಸವಾರ ಬರುವವರೆಗೆ ನಿಲ್ಲುವ ಪ್ರೇಕ್ಷಕ ಕೇವಲ ನೋಡುಗನಲ್ಲ. ಅವನೂ ಓಟದ ಒಂದು ಅಂಗ.

ಅಂಗವಾದ ಮೇಲೆ ಹೊಣೆಯೂ ಬಂದೇ ಬರುತ್ತದೆ. ಫುಟ್‌ಬಾಲ್ ನೋಡಲು ಹೋದವನಿಗೂ ಆಟಗಾರನಿಗೂ ನಡುವೆ ಬೇಲಿಯಿರುತ್ತದೆ. ಕ್ರಿಕೆಟ್ ನೋಡಲು ಹಣ ಕೊಟ್ಟು ಒಳಗೆ ಹೋಗಬೇಕಾಗುತ್ತದೆ. ಸೈಕಲ್ ಓಟಕ್ಕೆ ಚೀಟಿಯೂ ಇಲ್ಲ, ದಾರಿಯ ಬಹುಭಾಗದಲ್ಲಿ ಬೇಲಿಯೂ ಇಲ್ಲ. ಬಡವನೂ ಸಿರಿವಂತನೂ ಒಂದೇ ಅಂಚಿನಲ್ಲಿ ನಿಂತು, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಿಂದ ಲೋಕದ ಶ್ರೇಷ್ಠ ಸವಾರನನ್ನು ನೋಡಬಹುದು. ಆದರೆ ಕೈ ಚಾಚಬಾರದು. ಪ್ರೇಕ್ಷಕನ ಸಂಯಮವೇ ಈ ಆಟದ ಬೇಲಿ. ಆ ಬೇಲಿ ಮುರಿದಾಗ ಏನಾಗುತ್ತದೆಂಬುದಕ್ಕೆ ಚರಿತ್ರೆಯಲ್ಲಿ ನಿದರ್ಶನಗಳಿವೆ.

1975ರ ಟೂರ್ ದ ಫ್ರಾನ್ಸ್‌ನಲ್ಲಿ, ಅದಕ್ಕೆ ಮೊದಲು ಐದು ಬಾರಿ ಆ ಓಟವನ್ನು ಗೆದ್ದಿದ್ದ ಬೆಲ್ಜಿಯಂ ದೇಶದ ಎಡ್ಡಿ ಮರ್ಕ್ಸ್ ಪರ್ವತವನ್ನು ಏರುತ್ತಿದ್ದಾಗ ಪ್ರೇಕ್ಷಕನೊಬ್ಬ ಅವನ ಹೊಟ್ಟೆಗೆ ಗುದ್ದಿದನು. ಮರ್ಕ್ಸ್ ಆ ವರ್ಷ ಎರಡನೆಯವನಾದನು. ಸೋಲಿಗೆ ಆ ಪೆಟ್ಟೊಂದೇ ಕಾರಣವೆನ್ನಲಾಗದು. ಆದರೆ ಆ ಓಟದ ನೆನಪಿನಲ್ಲಿ ಆ ಕಲೆ ಉಳಿದೇ ಉಳಿಯಿತು. 2021ರಲ್ಲಿ ಅದೇ ಓಟದ ಮೊದಲನೆಯ ದಿನ ಒಬ್ಬರು ತಮ್ಮ ಮನೆಯವರಿಗೆ ಟೆಲಿವಿಷನ್ನಿನಲ್ಲಿ ಕಾಣಬೇಕೆಂದು ಬರೆಹವಿದ್ದ ರಟ್ಟಿನ ಫಲಕವನ್ನು ರಸ್ತೆಯೊಳಕ್ಕೆ ಚಾಚಿ, ಬರುತ್ತಿದ್ದ ಸವಾರರಿಗೆ ಬೆನ್ನು ಮಾಡಿ ನಿಂತರು. ಜರ್ಮನಿಯ ಟೋನಿ ಮಾರ್ಟಿನ್ ಆ ಫಲಕಕ್ಕೆ ತಾಗಿ ಬಿದ್ದನು. ಅವನ ಹಿಂದೆ ಹತ್ತಾರು ಸವಾರರು ಒಬ್ಬರ ಮೇಲೊಬ್ಬರು ಉರುಳಿದರು. ಗುದ್ದಿದವನಲ್ಲಿ ದ್ವೇಷವಿತ್ತೆಂದುಕೊಳ್ಳೋಣ, ಫಲಕ ಹಿಡಿದವರಲ್ಲಿ ಅದೂ ಇರಲಿಲ್ಲ. ಅಲ್ಲಿ ಇದ್ದುದು ಓಟವನ್ನು ನೋಡುವ ಆಸೆಯಲ್ಲ, ತಾನೇ ಕಾಣಿಸಿಕೊಳ್ಳುವ ಆಸೆ. ಕೈಯಲ್ಲಿ ಕ್ಯಾಮೆರಾ ಇರುವ ಫೋನುಗಳು ಬಂದಿರುವ ಈ ಕಾಲದಲ್ಲಿ ಎರಡನೆಯ ನಿದರ್ಶನವೇ ಹೆಚ್ಚು ಎಚ್ಚರಿಕೆಯನ್ನು ಹೇಳುತ್ತದೆ.

ಪ್ರೀತಿಗೂ ಮಿತಿಯಿರಬೇಕೆಂಬುದನ್ನು ಇನ್ನೊಂದು ಪ್ರಸಂಗ ತಿಳಿಸುತ್ತದೆ. 1913ರಲ್ಲಿ ಫ್ರಾನ್ಸಿನ ಯೂಜೀನ್ ಕ್ರಿಸ್ಟೋಫ್ ಎಂಬ ಸವಾರನ ಸೈಕಲ್ಲಿನ ಮುಂಗವಲು ಪಿರೆನೀಸ್ ಪರ್ವತದ ಇಳಿಜಾರಿನಲ್ಲಿ ಮುರಿಯಿತು. ಇತರರ ಸಹಾಯ ಪಡೆಯಬಾರದೆಂಬುದು ಆಗಿನ ನಿಯಮ. ಅವನು ಸೈಕಲ್ಲನ್ನು ಹೊತ್ತುಕೊಂಡು ಹತ್ತಕ್ಕೂ ಹೆಚ್ಚು ಕಿಲೋಮೀಟರ್ ನಡೆದು ಒಂದು ಹಳ್ಳಿಯನ್ನು ಮುಟ್ಟಿ, ಅಲ್ಲಿಯ ಕಮ್ಮಾರಸಾಲೆಯಲ್ಲಿ ತನ್ನ ಕೈಯಾರೆ ಕಬ್ಬಿಣವನ್ನು ಕಾಯಿಸಿ ಬಡಿದು ಬೆಸೆದನು. ಅವನ ಎರಡು ಕೈಗಳೂ ಕೆಲಸದಲ್ಲಿ ತೊಡಗಿದ್ದುದರಿಂದ ಅಲ್ಲಿದ್ದ ಹುಡುಗನೊಬ್ಬ ತಿದಿಯೊತ್ತಿದನು. ಅಷ್ಟಕ್ಕೇ ಅಧಿಕಾರಿಗಳು ಕ್ರಿಸ್ಟೋಫನಿಗೆ ಕಾಲದ ದಂಡ ವಿಧಿಸಿದರು. ನಿಯಮ ಕಠೋರವೆಂದು ಇಂದು ಯಾರಿಗಾದರೂ ತೋರಬಹುದು. ಆದರೂ ಒಂದು ಮಾತು ಸ್ಪಷ್ಟ: ಪ್ರೇಕ್ಷಕ ಕೊಡಬಹುದಾದುದು ಧೈರ್ಯ, ದುಡಿಮೆ ಸವಾರನದೇ ಆಗಿರಬೇಕು.

ಈ ದೂರದ ದೇಶಗಳ ಮಾತು ಯರಗಟ್ಟಿಯ ಸೀಮೆಗೆ ಏಕೆ ಬೇಕೆಂದು ಕೇಳುವವರಿದ್ದಾರೆ. ಬೇಕು, ಏಕೆಂದರೆ ಈ ಸೀಮೆ ಸೈಕಲ್ ಪಟುಗಳ ತವರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ರೈತಾಪಿ ಮನೆತನಗಳಿಂದ ಬಂದ ಹುಡುಗರೂ ಹುಡುಗಿಯರೂ ಹಲವು ದಶಕಗಳಿಂದ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ಪದಕಗಳನ್ನು ತರುತ್ತಿದ್ದಾರೆ. ವಿಜಯಪುರದಲ್ಲಿಯೂ ಬಾಗಲಕೋಟೆಯಲ್ಲಿಯೂ ಸೈಕ್ಲಿಂಗ್ ಕಲಿಸುವ ಕ್ರೀಡಾ ವಸತಿ ನಿಲಯಗಳಿವೆ. ಯರಗಟ್ಟಿಗೆ ನೆರೆಯದಾದ ರಾಮದುರ್ಗ ತಾಲ್ಲೂಕಿನ ಚಂದರಗಿಯ ವಸತಿ ಕ್ರೀಡಾ ಶಾಲೆ ಅನೇಕ ಸವಾರರನ್ನು ಬೆಳೆಸಿದೆ. ಎರೆನೆಲದ ಬಯಲು, ತಡೆಯಿಲ್ಲದೆ ಬೀಸುವ ಗಾಳಿ, ನೇರವಾದ ಉದ್ದನೆಯ ದಾರಿ ಇವೆಲ್ಲ ಈ ಮಕ್ಕಳ ಗುರುಗಳು.

ಇಲ್ಲಿಯ ಜನರಿಗೆ ಓಟವನ್ನು ನೋಡುವ ರುಚಿ ಇಲ್ಲವೆನ್ನಲಾಗದು. ಜಾತ್ರೆಗಳಲ್ಲಿ ಚಕ್ಕಡಿ ಶರ್ಯತ್ತಿನೊಂದಿಗೆ ಸೈಕಲ್ ಶರ್ಯತ್ತನ್ನೂ ಇಡುವ ರೂಢಿ ಈ ಜಿಲ್ಲೆಗಳಲ್ಲಿ ಉಂಟು. ಅಂದು ಊರಿಗೆ ಊರೇ ದಾರಿಯ ಬದಿಯಲ್ಲಿ ನೆರೆಯುತ್ತದೆ. ಆದರೆ ಜಾತ್ರೆ ಮುಗಿದ ಮರುದಿನ ಗೆದ್ದ ಹುಡುಗ ಯಾರು, ಅವನು ಮುಂದೆ ಎಲ್ಲಿ ಓಡುತ್ತಾನೆ ಎಂದು ಕೇಳುವವರು ವಿರಳ. ದೂರದ ಕ್ರಿಕೆಟ್ ಆಟಗಾರನ ಓಟಗಳ ಲೆಕ್ಕವನ್ನು ಬಾಯಿಪಾಠ ಹೇಳುವ ಮಗುವಿಗೆ ಪಕ್ಕದ ಊರಿನ ರಾಷ್ಟ್ರೀಯ ಪದಕ ವಿಜೇತೆಯ ಹೆಸರು ತಿಳಿದಿರುವುದಿಲ್ಲ. ಸ್ಪರ್ಧೆಗೆ ತಕ್ಕ ಒಳ್ಳೆಯ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿದೆ. ಸಾಧಾರಣ ರೈತನ ಕೈಗೆ ಅದು ಎಟುಕದು. ವಸತಿ ನಿಲಯ ಬಿಟ್ಟ ಮೇಲೆ ಕೆಲವರು ರೈಲ್ವೆ, ಸೇನೆಗಳ ತಂಡಗಳನ್ನು ಸೇರಿ ಓಟವನ್ನು ಉಳಿಸಿಕೊಳ್ಳುತ್ತಾರೆ. ಉಳಿದವರ ಸೈಕಲ್ ಗೋಡೆಗೆ ಒರಗುತ್ತದೆ. ಸರ್ಕಾರದ ಹಣ, ಸಂಸ್ಥೆಗಳ ನೆರವು ಅವಶ್ಯವೇ. ಆದರೆ ಎಲ್ಲಿ ಜನರ ಕಣ್ಣು ಇರುತ್ತದೆಯೋ ಅಲ್ಲಿಗೆ ಹಣ ಹರಿಯುತ್ತದೆ. ಯಾರೂ ನೋಡದ ಆಟಕ್ಕೆ ಪೋಷಕರು ಹುಟ್ಟುವುದಿಲ್ಲ. ಆದ್ದರಿಂದ ನೋಡುವುದೂ ಒಂದು ಪೋಷಣೆ.

ಒಳ್ಳೆಯ ಪ್ರೇಕ್ಷಕನಾಗಲು ಹಣ ಬೇಕಿಲ್ಲ. ಒಬ್ಬ ಸವಾರನ ಹೆಸರನ್ನು ನೆನಪಿಟ್ಟುಕೊಂಡು, ಅವನು ಸೋತ ವರ್ಷವೂ ಅವನ ಸುದ್ದಿಯನ್ನು ಹುಡುಕಿ ಓದಬೇಕು. ಗೆದ್ದವನ ಹಿಂದೆ ಗಾಳಿಗೆ ಎದೆಯೊಡ್ಡಿದವರು ಯಾರೆಂದು ತಿಳಿಯಬೇಕು. ಓಟ ಬರುವ ದಿನ ದನಕರುಗಳನ್ನು ದಾರಿಗೆ ಬಿಡದೆ, ಚಿಕ್ಕಮಕ್ಕಳ ಕೈ ಹಿಡಿದು, ಅಂಚಿನಿಂದ ಒಂದು ಹೆಜ್ಜೆ ಹಿಂದೆ ನಿಲ್ಲಬೇಕು. ಕೊನೆಯವನಿಗೂ ಚಪ್ಪಾಳೆ ತಟ್ಟಬೇಕು.

ಓಟವಿಲ್ಲದ ದಿನಗಳಲ್ಲಿಯೂ ಈ ಧರ್ಮಕ್ಕೆ ಬಿಡುವಿಲ್ಲ. ನಸುಕಿನಲ್ಲಿ, ಜೋಳದ ಹೊಲಗಳ ಮೇಲೆ ಮಂಜು ಇನ್ನೂ ಕರಗದಿರುವಾಗ, ಅಭ್ಯಾಸಕ್ಕೆ ಹೊರಟ ಬಾಲಕ ಬಾಲಕಿಯರು ಒಬ್ಬರ ಹಿಂದೆ ಒಬ್ಬರಾಗಿ ಈ ಸೀಮೆಯ ರಸ್ತೆಗಳಲ್ಲಿ ಸಾಗುತ್ತಾರೆ. ಕಬ್ಬು ತುಂಬಿದ ಟ್ರ್ಯಾಕ್ಟರುಗಳೂ ಲಾರಿಗಳೂ ಅದೇ ರಸ್ತೆಯಲ್ಲಿ ಓಡುತ್ತವೆ. ಅವರ ಬೆನ್ನ ಹಿಂದೆ ಹಾರ್ನ್ ಬಾರಿಸಿ ಬೆದರಿಸದೆ ವೇಗವನ್ನು ತಗ್ಗಿಸುವ ಚಾಲಕ, ಒಡೆದ ಗಾಜನ್ನು ದಾರಿಯಿಂದ ತೆಗೆದುಹಾಕುವ ಶಾಲೆಯ ಹುಡುಗ, ಕೈಯೆತ್ತಿ ಹರಸುವ ಹೊಲದ ಮುದುಕಿ, ಇವರೆಲ್ಲರೂ ಆ ಓಟದ ಪಾಲುಗಾರರು. ದಾರಿ ಕಾಯುವುದೆಂದರೆ ಬರುವವರಿಗಾಗಿ ಎದುರು ನೋಡುವುದು ಮಾತ್ರವಲ್ಲ. ಅವರು ಹೋಗುವ ದಾರಿಯನ್ನು ಕಾಪಾಡುವುದೂ ಹೌದು.