ಶಿನೂಕ್ ಘಾಟಿಯಲ್ಲಿ ಹೆಲ್ಮೆಟ್, ಊರಿನಲ್ಲಿ ಬರಿತಲೆ

ಯುಗಾದಿ ಮುಗಿದು ಒಂದೂವರೆ, ಎರಡು ತಿಂಗಳಾದರೂ ನಮ್ಮ ಬೆಟ್ಟದ ರಸ್ತೆಗಳಿಗೆ ವಸಂತ ಬಂದಿರುವುದಿಲ್ಲ. ಟಕ್ವಿಲಾದಲ್ಲಿ ಚೆರ್ರಿ ಮರಗಳು ಹೂ ಬಿಟ್ಟು, ಉದುರಿಸಿ, ಎಲೆ ತುಂಬಿಕೊಂಡು ನಿಂತಿರುತ್ತವೆ. ರೇನಿಯರ್ ಪರ್ವತದ ಪೂರ್ವದ ಮಗ್ಗುಲಲ್ಲಿ ಹಾದುಹೋಗುವ 410ನೇ ರಾಜ್ಯ ಹೆದ್ದಾರಿ ಮಾತ್ರ ಇನ್ನೂ ಹಿಮದಡಿಯಲ್ಲಿ ಮಲಗಿರುತ್ತದೆ. ಈ ರಸ್ತೆ ಶಿನೂಕ್ ಘಾಟಿಯಲ್ಲಿ 5,430 ಅಡಿ ಎತ್ತರಕ್ಕೆ ಏರುತ್ತದೆ. ನವೆಂಬರಿನ ಸುಮಾರಿಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಾಮಾನ್ಯವಾಗಿ ಮೇ ತಿಂಗಳ ಕೊನೆಗೆ. ತೆರೆದ ಸುದ್ದಿ ಬಂದ ಕೂಡಲೇ ನಮ್ಮ ಶಾಲೆಯ ಕೆಲವು ತಂದೆಯರ ಮುಖದಲ್ಲಿ ಒಂದು ಕಳೆ ಬರುತ್ತದೆ. ಶೆಡ್ಡಿನಲ್ಲಿ ಹೊದಿಕೆ ಹೊದ್ದು ಮಲಗಿದ್ದ ಬೈಕುಗಳು ಹೊರಗೆ ಬರುತ್ತವೆ.

ಇವರೆಲ್ಲ ಕರ್ನಾಟಕದಲ್ಲಿ ಬೈಕಿನ ಸದ್ದು ಕೇಳುತ್ತ ಬೆಳೆದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳನ್ನು ಇವರ ಅಪ್ಪಂದಿರೋ ಮಾವಂದಿರೋ ಒರೆಸಿ ಒರೆಸಿ ಇಟ್ಟುಕೊಂಡಿದ್ದವರು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮಳೆಯಲ್ಲಿ ಇಳಿದ ಕಥೆಯನ್ನು ನಾವು ಪ್ರತಿ ವರ್ಷ ಕೇಳುತ್ತೇವೆ. ಪ್ರತಿ ವರ್ಷವೂ ಮಳೆ ಸ್ವಲ್ಪ ಹೆಚ್ಚಾಗಿರುತ್ತದೆ.

ಕಳೆದ ವಸಂತದಲ್ಲಿ ಏಳು ಬೈಕುಗಳೂ ಮೂರು ಕಾರುಗಳೂ ಹೊರಟವು. ನಾವು ಬೈಕಿನವರಲ್ಲ. ಪುಳಿಯೋಗರೆ, ಮೊಸರನ್ನ, ಮಕ್ಕಳು, ಇವುಗಳ ಜೊತೆ ಕಾರಿನಲ್ಲಿದ್ದವರು. ಹಾಗಾಗಿ ನೋಡಲು ನಮಗೆ ಬೇಕಾದಷ್ಟು ಸಮಯ ಸಿಕ್ಕಿತು.

ಹೊರಡುವ ಮುನ್ನ ಅರ್ಧ ಗಂಟೆ ಸಭೆ! ಮುಂದೆ ಯಾರು, ಕೊನೆಯಲ್ಲಿ ಯಾರು, ಸನ್ನೆಗಳು ಯಾವುವು ಎಂದು ಮಾತಾಯಿತು. ಹೊಸಬರಿಬ್ಬರನ್ನು ಮುಂದಾಳುವಿನ ಬೆನ್ನಿಗೇ ಇಟ್ಟುಕೊಂಡರು. ಹಿಂದೆ ಬಿಟ್ಟರೆ ಗುಂಪನ್ನು ಹಿಡಿಯುವ ಆತುರದಲ್ಲಿ ಅವರು ತಮ್ಮ ಕೈಮೀರಿದ ವೇಗಕ್ಕೆ ಹೋಗುತ್ತಾರಂತೆ. ಒಬ್ಬರು ಲೇನಿನ ಎಡಕ್ಕೆ, ಮುಂದಿನವರು ಬಲಕ್ಕೆ, ಹೀಗೆ ಓರೆಯಾಗಿ ಸಾಗುವುದು. ನೇರ ಮುಂದಿರುವವನಿಗೂ ತನಗೂ ಎರಡು ಸೆಕೆಂಡಾದರೂ ಅಂತರ ಇರಬೇಕು. ತಿರುವುಗಳು ಬಂದಾಗ ಒಬ್ಬರ ಹಿಂದೆ ಒಬ್ಬರು. ಪ್ರತಿಯೊಬ್ಬರ ಮೈಮೇಲೂ ದಪ್ಪ ಜಾಕೆಟ್ಟು, ಕೈಗವಸು, ಗಿಣ್ಣು ಮುಚ್ಚುವ ಬೂಟು, ತಲೆಗೆ ಮುಖವನ್ನೆಲ್ಲ ಮುಚ್ಚುವ ಹೆಲ್ಮೆಟ್ಟು. (ಇದಕ್ಕೆ ಶಿರಸ್ತ್ರಾಣ ಎಂಬ ಚೆಂದದ ಪದವಿದೆ ಎಂದು ಕನ್ನಡ ಶಿಕ್ಷಕರಾಗಿ ನಾವು ಹೇಳಬೇಕು. ಆದರೆ ಹೆಲ್ಮೆಟ್ ಎಂದೇ ಬರೆಯುತ್ತೇವೆ. ಹಾಕಿಕೊಂಡರೆ ಸಾಕು, ಹೆಸರು ಯಾವುದಾದರೂ ಇರಲಿ.)

ರೆಂಟನ್, ಮೇಪಲ್ ವ್ಯಾಲಿ, ಬ್ಲ್ಯಾಕ್ ಡೈಮಂಡ್ ದಾಟಿ ಈನಮ್‌ಕ್ಲಾದಲ್ಲಿ ಎಲ್ಲರೂ ಟ್ಯಾಂಕ್ ತುಂಬಿಸಿಕೊಂಡರು. ಗ್ರೀನ್‌ವಾಟರ್ ಕಳೆದ ಮೇಲೆ ಆಕಾಶವೇ ಕಾಣದಷ್ಟು ಎತ್ತರದ ಡಗ್ಲಸ್ ಫರ್ ಮರಗಳ ಸಾಲು. ನಮ್ಮ ಸಹ್ಯಾದ್ರಿ ಹೇಗೆ ಅರಬ್ಬೀ ಸಮುದ್ರದ ಮೋಡಗಳನ್ನು ತಡೆದು ಪಶ್ಚಿಮದ ಮಗ್ಗುಲಿಗೆ ಮಳೆ ಸುರಿಸುತ್ತದೋ, ಹಾಗೆಯೇ ಈ ಕ್ಯಾಸ್ಕೇಡ್ ಸಾಲು ಪೆಸಿಫಿಕ್ ಸಾಗರದ ಮೋಡಗಳನ್ನು ತಡೆಯುತ್ತದೆ. ಘಟ್ಟ ಹತ್ತಿ ಆಚೆ ಇಳಿದರೆ ಯಾಕಿಮಾ ಕಡೆಗೆ ಒಣ ನೆಲ, ನಮ್ಮ ಬಯಲುಸೀಮೆಯ ಹಾಗೆ. ಭೂಗೋಳದ ಈ ಪಾಠವನ್ನು ಕಾರಿನಲ್ಲಿದ್ದ ಮಕ್ಕಳಿಗೆ ಹೇಳಲು ಹೋದೆವು. ಅವರು ಚಕ್ಕುಲಿಯ ಡಬ್ಬಿಯ ವಿಚಾರದಲ್ಲಿ ಮುಳುಗಿದ್ದರು.

ವಸಂತದ ಬೆಟ್ಟದ ರಸ್ತೆ ಚೆಲುವಿನಷ್ಟೇ ಮೋಸವನ್ನೂ ಇಟ್ಟುಕೊಂಡಿರುತ್ತದೆ. ಚಳಿಗಾಲದಲ್ಲಿ ಟೈರು ಜಾರದಿರಲೆಂದು ಚೆಲ್ಲಿದ ಮರಳು, ಸಣ್ಣ ಜಲ್ಲಿ ತಿರುವುಗಳಲ್ಲಿ ಹಾಗೆಯೇ ಉಳಿದಿರುತ್ತವೆ. ಬಿಸಿಲಿಗೆ ಕರಗಿದ ಹಿಮದ ನೀರು ರಸ್ತೆಗೆ ಅಡ್ಡಲಾಗಿ ಹರಿಯುತ್ತದೆ. ನೆರಳಿದ್ದಲ್ಲಿ ಬೆಳಗಿನ ಹೊತ್ತು ಅದು ಗಾಜಿನಂತೆ ಹೆಪ್ಪುಗಟ್ಟಿರಬಹುದು. ಬಂಡೆಗಳಿಂದ ಕಲ್ಲು ಉದುರುತ್ತದೆ. ಆದ್ದರಿಂದಲೇ ನಮ್ಮವರು ತಿರುವಿಗೆ ಮೊದಲೇ ವೇಗ ಇಳಿಸುತ್ತಿದ್ದರು. ಮುಂದಾಳು ಕಾಲು ಚಾಚಿ ಜಲ್ಲಿ ತೋರಿಸಿದರೆ ಅದೇ ಸನ್ನೆ ಒಬ್ಬರಿಂದ ಒಬ್ಬರಿಗೆ ಏಳನೆಯ ಬೈಕಿನವರೆಗೆ ಬರುತ್ತಿತ್ತು. ಎಲ್ಲರಿಗಿಂತ ನಿಧಾನವಾಗಿ ಓಡಿಸುವವರ ವೇಗವೇ ಎಲ್ಲರ ವೇಗ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಇವರನ್ನೇ ಕಂಡಿದ್ದ ನಮಗೆ ಇದು ಬೇರೆ ಜನ್ಮದಂತೆ ತೋರಿತು.

ಮೇಲೆ ಟಿಪ್ಸೂ ಕೆರೆ ಇನ್ನೂ ಬಿಳಿಯ ಹಾಳೆ. ಇಕ್ಕೆಲದಲ್ಲೂ ಯಂತ್ರ ಕೊರೆದ ಹಿಮದ ಗೋಡೆ. ಊಟ ಬಿಚ್ಚಿದೆವು. ಆಗ ನಮ್ಮ ತರಗತಿಯ ಎಂಟು ವರ್ಷದ ಹುಡುಗನೊಬ್ಬ ಅಪ್ಪನ ಬೈಕಿನ ಬಳಿ ಹೋಗಿ, ಟ್ಯಾಂಕಿನ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸು ಎಂದು ಹಠ ಹಿಡಿದ.

ಅಪ್ಪ ಒಪ್ಪಲಿಲ್ಲ. ವಾಷಿಂಗ್ಟನ್ ರಾಜ್ಯದಲ್ಲಿ ಬೈಕಿನ ಮೇಲೆ ಕೂರುವ ಪ್ರತಿಯೊಬ್ಬರಿಗೂ ಹೆಲ್ಮೆಟ್ ಕಡ್ಡಾಯ, ಐದು ವರ್ಷದೊಳಗಿನ ಮಕ್ಕಳನ್ನು ಕೂರಿಸುವಂತೆಯೇ ಇಲ್ಲ, ಸವಾರನ ಮುಂದೆ ಟ್ಯಾಂಕಿನ ಮೇಲಂತೂ ಯಾರನ್ನೂ ಕೂರಿಸುವ ಹಾಗಿಲ್ಲ ಎಂದು ತಾಳ್ಮೆಯಿಂದ ವಿವರಿಸಿದರು. ಹುಡುಗ ಎಲ್ಲ ಕೇಳಿ, "ಊರಲ್ಲಿ ಕೂರಿಸಿದ್ರಲ್ಲಪ್ಪಾ?" ಎಂದ.

"ಅದು ಊರು ಕಣೋ," ಎಂದು ಅಪ್ಪ ನಕ್ಕರು. ನಾವೆಲ್ಲರೂ ನಕ್ಕೆವು.

ನಕ್ಕ ಮೇಲೆ ನಮಗೆ ಒಂದು ನೋಟ್‌ಬುಕ್ ನೆನಪಾಯಿತು. ಹಿಂದಿನ ಸೆಪ್ಟೆಂಬರಿನಲ್ಲಿ ತರಗತಿಗೆ 'ನನ್ನ ಬೇಸಿಗೆ ರಜೆ' ಎಂಬ ಪ್ರಬಂಧ ಕೊಟ್ಟಿದ್ದೆವು. ಇದೇ ಹುಡುಗ ಬರೆದಿದ್ದ: "ಚಿಕಪ್ಪ ನನ್ನನ್ನು ಬೈಕಿನ ಮುಂದೆ ಕೂರಿಸಿದರು. ಊರಿನಲ್ಲಿ ಹೆಲ್ಮೆಟ್ ಬೇಡ." ನಾವು ಕೆಂಪು ಶಾಯಿಯಲ್ಲಿ 'ಚಿಕಪ್ಪ'ಕ್ಕೆ ಒತ್ತು ಕೊಟ್ಟು, ಪಕ್ಕದಲ್ಲಿ 'ಬಹಳ ಚೆನ್ನಾಗಿದೆ' ಎಂದು ಬರೆದಿದ್ದೆವು. ಒತ್ತಕ್ಷರದ ತಪ್ಪು ಕಂಡಿತು, ಎರಡನೆಯ ವಾಕ್ಯ ಕಾಣಲಿಲ್ಲ. ಅಷ್ಟು ದೂರದ ಘಾಟಿಗೆ ಹೋಗಿ, ಹಿಮದ ನಡುವೆ ತಟ್ಟೆ ಹಿಡಿದು ನಿಂತು ನಮ್ಮ ತಪ್ಪು ನಮಗೆ ತಿಳಿಯಬೇಕಾಯಿತು.

ಪೋಷಕರೇ, ಇದನ್ನು ಬರೆಯುತ್ತಿರುವುದು ಯಾರನ್ನೋ ದೂರಲು ಅಲ್ಲ. ನಾವೂ ರಜೆಗೆ ಹೋದಾಗ ಸೀರೆ ಅಂಗಡಿಗೆ ತ್ರಿಬಲ್ ರೈಡಿಂಗ್ ಹೋದವರೇ. ಆದರೆ ಟಕ್ವಿಲಾದಲ್ಲಿ ಮಗುವಿಗೆ ಸೈಕಲ್ ತುಳಿಯಲೂ ಹೆಲ್ಮೆಟ್ ಕಟ್ಟುವ ನಾವು, ವಿಮಾನ ಇಳಿದು ಎರಡು ದಿನವಾಗುವಷ್ಟರಲ್ಲಿ ಅದೇ ಮಗುವನ್ನು ಬರಿತಲೆಯಲ್ಲಿ ಟ್ಯಾಂಕಿನ ಮೇಲೆ ಕೂರಿಸುವುದೇಕೆ? ಅಲ್ಲಿ ವೇಗ ಕಡಿಮೆ ಎನ್ನುತ್ತಾರೆ. ಬೀದಿಯ ತುದಿಯ ಅಂಗಡಿಗೆ ತಾನೇ ಎನ್ನುತ್ತಾರೆ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ನೂರಕ್ಕೆ ನಲವತ್ನಾಲ್ಕಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಕೇಂದ್ರ ಸರ್ಕಾರದ ವರದಿಯ ಲೆಕ್ಕವಿದು. ಅವರಲ್ಲಿ ಎಷ್ಟೋ ಜನ ಬೀದಿಯ ತುದಿಯ ಅಂಗಡಿಗೆ ಹೊರಟವರೇ ಇದ್ದಾರು.

ಹೆಲ್ಮೆಟ್ ಅಮೆರಿಕದ ಶೋಕಿ ಎಂಬ ಮಾತೂ ಸರಿಯಲ್ಲ. ಕರ್ನಾಟಕದಲ್ಲಿ 2016ರಿಂದಲೇ ಹಿಂಬದಿ ಸವಾರರಿಗೂ ಅದು ಕಡ್ಡಾಯ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆ, ನಾಲ್ಕು ವರ್ಷ ಮೀರಿದ ಎಲ್ಲರೂ ಹೆಲ್ಮೆಟ್ ಧರಿಸಬೇಕು ಎನ್ನುತ್ತದೆ. ಪೇಟ ಧರಿಸುವ ಸಿಖ್ಖರಿಗೆ ಮಾತ್ರ ವಿನಾಯಿತಿ. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಲ್ಮೆಟ್ಟಿನ ಜೊತೆಗೆ ಸವಾರನಿಗೆ ಸೇರಿಸಿ ಬಿಗಿಯುವ ಪಟ್ಟಿ ಬೇಕು, ಗಾಡಿ ಗಂಟೆಗೆ 40 ಕಿ.ಮೀ. ಮೀರಬಾರದು, ಈ ನಿಯಮ 2023ರಿಂದ ಜಾರಿಯಲ್ಲಿದೆ. ನಾವು ಮುರಿಯುತ್ತಿರುವುದು ಊರಿನದೇ ಕಾನೂನು.

ನಿಜವಾದ ಅಡ್ಡಿ ಬೇರೆ ಇದೆ, ಅದನ್ನು ಒಪ್ಪಿಕೊಳ್ಳೋಣ. ಎರಡು ವರ್ಷಕ್ಕೊಮ್ಮೆ ಬರುವ ಅಣ್ಣನ ಮಗನನ್ನು ಚಿಕ್ಕಪ್ಪ ಪ್ರೀತಿಯಿಂದ ಗಾಡಿಯ ಮೇಲೆ ಎತ್ತಿಕೊಳ್ಳುತ್ತಾರೆ. ಆಗ "ಬೇಡ" ಎನ್ನುವುದು ಕಷ್ಟ. ಅಮೆರಿಕಕ್ಕೆ ಹೋಗಿ ದೊಡ್ಡವರಾಗಿಬಿಟ್ಟರು, ನಮಗೇ ಬುದ್ಧಿ ಹೇಳುತ್ತಾರೆ ಎಂಬ ಮಾತು ಅಡುಗೆಮನೆಯಿಂದ ಕೇಳಿಬರುತ್ತದೆ. ಆ ಮಾತಿಗೆ ಹೆದರಿ ನಾವು ಸುಮ್ಮನಾಗುತ್ತೇವೆ. ಮಗು ಮಾತ್ರ ಎರಡೂ ಕಡೆ ನೋಡಿಕೊಂಡು, ಅಪಾಯ ಎನ್ನುವುದು ದೇಶಕ್ಕೆ ತಕ್ಕಂತೆ ಬದಲಾಗುತ್ತದೆ ಎಂದು ತಿಳಿದುಕೊಳ್ಳುತ್ತದೆ. ಆ ಹುಡುಗ ಬರೆದದ್ದೂ ಅದನ್ನೇ.

ಇಳಿಯುವಾಗ ಆ ತಂದೆ ಹೆಚ್ಚು ಮಾತಾಡಲಿಲ್ಲ. ಎರಡು ವಾರದ ನಂತರ ತರಗತಿಯ ಬಾಗಿಲಲ್ಲಿ ಸಿಕ್ಕಾಗ ಅವರೇ ಹೇಳಿದರು. ಇಲ್ಲಿಂದ ಹೆಲ್ಮೆಟ್ ಹೊತ್ತೊಯ್ದರೆ ಅದು ಮತ್ತೆ 'ಅಮೆರಿಕದ್ದು' ಆಗುತ್ತದೆ ಎಂದು ಯೋಚಿಸಿ, ದರ್ಜಿಯ ಟೇಪಿನಲ್ಲಿ ಮಗನ ತಲೆಯನ್ನು ಹುಬ್ಬಿನ ಮೇಲಿಂದ ಸುತ್ತ ಅಳೆದು, ತಮ್ಮನಿಗೆ ಫೋನ್ ಮಾಡಿದರಂತೆ: ಇಷ್ಟು ಸೆಂಟಿಮೀಟರು, ಐ.ಎಸ್.ಐ. ಗುರುತು ಇರಬೇಕು, ಗದ್ದದ ಪಟ್ಟಿ ಗಟ್ಟಿಯಾಗಿರಬೇಕು, ನಾವು ಬರುವಷ್ಟರಲ್ಲಿ ನೀನೇ ತಂದಿಡು, ನಿನ್ನ ಮಗಳಿಗೂ ಒಂದು ಸೇರಿಸು. ತಮ್ಮ ಏನಂದಾನೋ ಎಂದು ಇವರಿಗೆ ಅಳುಕಿತ್ತು.

ಆ ಕಡೆಯಿಂದ ಬಂದದ್ದು ಒಂದೇ ಪ್ರಶ್ನೆ: "ಅವನಿಗೆ ಯಾವ ಬಣ್ಣ ಬೇಕಂತೆ, ಕೇಳಣ್ಣ."