ಡಿಕ್ಕಿ ತಪ್ಪಿಸುವ ಸಾಮಾನು ಡಿಕ್ಕಿಯಲ್ಲೇ ಇದೆ!

ರಜೆ ಬಂತೆಂದರೆ ಬೆಳಗಿನ ಜಾವ ಘಟಪ್ರಭಾದಿಂದ ಹುಕ್ಕೇರಿ ಮಾರ್ಗವಾಗಿ ಸಂಕೇಶ್ವರದ ಕಡೆ ಹೊರಡುವ ಕಾರುಗಳನ್ನು ಒಮ್ಮೆ ನಿಂತು ನೋಡಬೇಕು. ಅಂಬೋಲಿ ಘಾಟ ಇಳಿದು ಗೋವಾಕ್ಕೆ ಹೊರಟವರು, ಕೊಲ್ಲಾಪುರದ ಮಹಾಲಕ್ಷ್ಮಿಗೆ ಹೊರಟವರು, ಜ್ಯೋತಿಬಾನ ಗುಡ್ಡಕ್ಕೆ ಹೊರಟವರು. ಡಿಕ್ಕಿ ತೆರೆದರೆ ಬುತ್ತಿಯ ಗಂಟು, ಶೇಂಗಾ ಹಿಂಡಿ, ಖಡಕ್ ರೊಟ್ಟಿ, ನೀರಿನ ಕ್ಯಾನು, ಹಾಸಲಿಕ್ಕೆ ಚಾದರ, ಯಾವುದಕ್ಕೂ ಕೊರತೆಯಿಲ್ಲ. ಇಷ್ಟೆಲ್ಲದರ ಅಡಿಯಲ್ಲಿ, ಸ್ಟೆಪ್ನಿ ಗಾಲಿಯ ಮಗ್ಗುಲಲ್ಲಿ, ಉದ್ದನೆಯದೊಂದು ಪ್ಲಾಸ್ಟಿಕ್ ಡಬ್ಬಿಯೂ ಬಿದ್ದಿರುತ್ತದೆ. ಶೋರೂಮಿನಿಂದ ಗಾಡಿ ಮನೆಗೆ ಬಂದ ದಿನದಿಂದ ಅದನ್ನು ಯಾರೂ ತೆರೆದಿಲ್ಲ. ಅದರೊಳಗೇನಿದೆ ಎಂದು ಕೇಳಿದರೆ, "ಜಾಕ್ ಇರಬೇಕ್ ನೋಡ್ರಿ" ಎಂಬ ಉತ್ತರ ಬರುತ್ತದೆ.

ಅದು ಜಾಕ್ ಅಲ್ಲ. ಬೆಳಕು ಬಿದ್ದರೆ ಕೆಂಪಗೆ ಹೊಳೆಯುವ, ಮಡಚಿ ಇಡುವ ಎಚ್ಚರಿಕೆಯ ತ್ರಿಕೋನ. ಕಾರು ಮಾರುವಾಗಲೇ ಈ ತ್ರಿಕೋನವನ್ನೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನೂ ಕೊಡಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ಕೊಟ್ಟವರು ಕೊಟ್ಟರು, ಇಟ್ಟುಕೊಂಡವರು ಇಟ್ಟುಕೊಂಡರು, ಅಲ್ಲಿಗೆ ಮುಗಿಯಿತು. ರಾತ್ರಿ ಗಾಡಿ ಕೆಟ್ಟು ನಿಂತರೆ ಜನ ಮಾಡುವ ಕೆಲಸವೇ ಬೇರೆ. ರಸ್ತೆ ಬದಿಯ ನಾಲ್ಕು ಕಲ್ಲು ತಂದು ಹಿಂದೆ ಇಡುತ್ತಾರೆ, ಇಲ್ಲವೇ ಗಿಡದ ಟೊಂಗೆ ಮುರಿದು ಹಾಕುತ್ತಾರೆ. ಗಾಡಿ ರಿಪೇರಿಯಾದ ಮೇಲೆ ಗಾಡಿ ಹೋಗುತ್ತದೆ, ಕಲ್ಲು ಅಲ್ಲೇ ಉಳಿಯುತ್ತದೆ. ಮರುದಿನ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಮೋಟಾರ್ ಸೈಕಲ್ಲಿನವನು ಅದರ ಮೇಲೆ ಹಾಯ್ದು ಬೀಳುತ್ತಾನೆ. ಕಲ್ಲು ಇಟ್ಟವನು ಅಷ್ಟೊತ್ತಿಗೆ ಪಣಜಿಯಲ್ಲಿರುತ್ತಾನೆ.

ತ್ರಿಕೋನ ಇದ್ದರೆ ಸಾಲದು, ಎಲ್ಲಿಡಬೇಕೆಂಬುದೂ ಗೊತ್ತಿರಬೇಕು. ಗಾಡಿಯ ಬೆನ್ನಿಗೇ ಒರಗಿಸಿಡುವವರಿದ್ದಾರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ಲಾರಿ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ನೂರು ಹೆಜ್ಜೆ ಹಿಂದೆ ಇಟ್ಟರೂ ಲಾರಿಯವನಿಗೆ ಸಿಗುವುದು ಮೂರು ಸೆಕೆಂಡು ಮಾತ್ರ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಅದಕ್ಕಿಂತ ಕಡಿಮೆ ಅಂತರದಲ್ಲಿಟ್ಟರೆ ಇಟ್ಟೂ ಇಡದಂತೆಯೇ. ಮಳೆಗಾಲದಲ್ಲಿ ಅಂಬೋಲಿ ಘಾಟದ ಮಂಜು ಕವಿದಾಗ ಮುಂದಿನ ಗಾಡಿಯ ಬೆನ್ನೇ ಕಾಣದಿರುವುದನ್ನು ಹೋಗಿ ಬಂದವರೆಲ್ಲ ಬಲ್ಲರು. ತ್ರಿಕೋನ ಇಡಲು ಹೋಗುವವನು ಡಾಂಬರಿನ ಮೇಲಲ್ಲ, ಪಕ್ಕದ ಮಣ್ಣಿನ ಮೇಲೆ ನಡೆಯಬೇಕು. ಮಕ್ಕಳನ್ನು ಗಾಡಿಯಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಬೇಕು.

ಪರದೇಶದಲ್ಲಿ ಇದನ್ನು ಎಷ್ಟು ಕಟ್ಟುನಿಟ್ಟಾಗಿ ನೋಡುತ್ತಾರೆಂದರೆ, ಫ್ರಾನ್ಸಿನಲ್ಲಿ 2008ರಿಂದ ಪ್ರತಿ ಕಾರಿನಲ್ಲೂ ತ್ರಿಕೋನದ ಜೊತೆಗೆ ಹೊಳೆಯುವ ಅಂಗಿಯೂ ಇರಲೇಬೇಕು. ಬೇರೆ ದೇಶದಿಂದ ಪ್ರವಾಸಕ್ಕೆ ಗಾಡಿ ತಂದವರಿಗೂ ವಿನಾಯಿತಿಯಿಲ್ಲ. ಮನೆಮನೆಯ ಕಾರಿನಲ್ಲೂ ಇದ್ದ ಆ ಹಳದಿ ಅಂಗಿಯನ್ನೇ ತೊಟ್ಟು 2018ರಲ್ಲಿ ಅಲ್ಲಿನ ಜನ ಸರಕಾರದ ವಿರುದ್ಧ ಬೀದಿಗಿಳಿದರು, ಆ ಮಾತು ಬೇರೆ.

ಇಲ್ಲಿ ಗಡಿ ದಾಟಿ ಬಂದವರ ಬಾಯಲ್ಲಿ ಇನ್ನೊಂದೇ ದೂರು. "ಕೆಎ-49 ನಂಬರ್ ಕಂಡರ ಸಾಕ್, ಕೈ ಮಾಡಿ ನಿಲ್ಲಸ್ತಾರ್ರಿ" ಎನ್ನುತ್ತಾರೆ. ಇದು ಪೂರ್ತಿ ಸುಳ್ಳೆಂದು ಯಾರೂ ಹೇಳಲಾರರು. ಆದರೆ ಹೆಲ್ಮೆಟ್, ಸೀಟ್ ಬೆಲ್ಟ್, ವಿಮೆ, ಹೊಗೆ ತಪಾಸಣೆಯ ಕಾಗದ ಇವೆಲ್ಲ ಕೇಂದ್ರದ ಕಾನೂನು. ನಿಪ್ಪಾಣಿಗೊಂದು, ಕಾಗಲ್‌ಗೊಂದು ಎಂದು ಬೇರೆ ಬೇರೆ ಇಲ್ಲ. ಬೇರೆಯಾಗುವುದು ದಂಡದ ಮೊತ್ತವಷ್ಟೇ. 2019ರ ತಿದ್ದುಪಡಿ ಹೆಲ್ಮೆಟ್ ಇಲ್ಲದವನಿಗೆ ಸಾವಿರ ರೂಪಾಯಿ ದಂಡ ಹೇಳಿತು, ಕರ್ನಾಟಕ ಸರಕಾರ ಅದೇ ತಿಂಗಳು ಅದನ್ನು 500ಕ್ಕೆ ಇಳಿಸಿತು. ಊರೊಳಗೆ ತಲೆಗೆ ಏನೂ ಇಲ್ಲದೆ ಅಡ್ಡಾಡುವುದು ರೂಢಿಯಾದವನಿಗೆ ಗಡಿಯಾಚೆ ನ್ಯಾಯವೂ ಅನ್ಯಾಯವಾಗಿ ಕಾಣುತ್ತದೆ.

ಬೆಲ್ಟಿನ ವಿಷಯ ಇನ್ನೂ ಕೆಟ್ಟದ್ದು. ಹಿಂದಿನ ಸೀಟಿನವರಿಗೂ ಬೆಲ್ಟ್ ಕಡ್ಡಾಯವೆಂದರೆ ನಗುವವರೇ ಹೆಚ್ಚು. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದರು. ಗಾಡಿ ಸಾಮಾನ್ಯದ್ದಲ್ಲ, ಭಾರೀ ಬೆಲೆಯದ್ದು. ಬೆಲ್ಟಿನ ಕುಂಯ್‌ಗುಡುವ ಗಂಟೆ ನಿಲ್ಲಿಸಲು ಕೊಂಡಿಗೆ ಸಿಕ್ಕಿಸುವ ಲೋಹದ ಬಿಲ್ಲೆಗಳನ್ನು ಅಂತರ್ಜಾಲದಲ್ಲಿ ಮಾರಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಕಂಪನಿಗಳಿಗೆ ಆದೇಶ ಕೊಟ್ಟಿತು. ಆಟೋಮೊಬೈಲ್ ಅಂಗಡಿಯವರೂ ಅಂಥ ಮಾಲು ಇಡದಿರುವುದು ಲೇಸು. ಅದರ ಬದಲು ತ್ರಿಕೋನ ತರಿಸಿಡಲಿ. ಧಾಬಾದಲ್ಲಿ ಒಂದು ಕುಟುಂಬ ಒಂದು ಹೊತ್ತು ಉಣ್ಣುವ ಖರ್ಚಿಗಿಂತ ಅದು ಅಗ್ಗ. ಹೆಲ್ಮೆಟ್ ಮಾರುವವರೂ ನೆನಪಿಡಬೇಕಾದ್ದಿದೆ: 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದೇ ಅಪರಾಧ. ರಸ್ತೆ ಬದಿಗೆ ಗುಡ್ಡೆ ಹಾಕಿ ಮಾರುವ ಟೊಪ್ಪಿಗೆ ಪೊಲೀಸರ ಕಣ್ಣು ತಪ್ಪಿಸೀತು, ತಲೆ ಉಳಿಸಲಾರದು.

ಕಾರೇ ಇಲ್ಲದವರಿಗೆ ಇದರ ಗೊಡವೆ ಏಕೆ ಎಂದು ಬಸ್ಸಿನ ಪ್ರಯಾಣಿಕರು ಕೇಳಬಹುದು. ಕಬ್ಬಿನ ಹಂಗಾಮೂ ಡಿಸೆಂಬರಿನ ಪ್ರವಾಸವೂ ಕೂಡಿಯೇ ಬರುತ್ತವೆ. ಎರಡೆರಡು ಟ್ರೇಲರ್ ಹೇರಿಕೊಂಡ ಟ್ರ್ಯಾಕ್ಟರ್ ಪಂಕ್ಚರ್ ಆಗಿ ಕತ್ತಲಲ್ಲಿ ನಿಂತಿರುತ್ತದೆ. ಹಿಂದೆ ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿರುತ್ತದೆ. ಗೋಕಾಕದಿಂದ ಬರುವ ಕೊನೆಯ ಬಸ್ಸು, ಮೂಡಲಗಿಯ ಸಂತೆ ಮುಗಿಸಿ ಬರುವ ಟೆಂಪೊ, ಗೋವಾದಿಂದ ತಿರುಗಿ ಬರುವ ಕಾರು ಎಲ್ಲಕ್ಕೂ ಎದುರಾಗುವುದು ಅದೇ ಟ್ರೇಲರಿನ ಬೆನ್ನು.

ಟ್ರ್ಯಾಕ್ಟರ್‌ಗಳನ್ನು ರಸ್ತೆಯ ಮೇಲೆ ಒಂದೊಂದಾಗಿ ಹಿಡಿದು ಮುಗಿಯುವ ಕೆಲಸ ಇದಲ್ಲ. ಅವೆಲ್ಲ ಸಾಲುಗಟ್ಟಿ ನಿಲ್ಲುವುದು ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮುಂದೆ. ಹಿಂದೆ ರಿಫ್ಲೆಕ್ಟರ್ ಕಾಣದ ಟ್ರೇಲರಿಗೆ ಅಲ್ಲೇ ಕೆಂಪು ಪಟ್ಟಿ ಅಂಟಿಸಿ, ಅದರ ದುಡ್ಡನ್ನು ಸಾಗಾಣಿಕೆಯ ಬಿಲ್ಲಿನಲ್ಲಿ ಮುರಿದುಕೊಂಡರಾಯಿತು. ಗೋಕಾಕದ ಸಾರಿಗೆ ಕಚೇರಿ, ಪೊಲೀಸರು ಮತ್ತು ಕಾರ್ಖಾನೆಯವರು ಹಂಗಾಮು ಶುರುವಾಗುವ ಮೊದಲೇ ಒಂದೆಡೆ ಕೂತು ಇದನ್ನು ಗೊತ್ತುಮಾಡುವರೇ?