ಹುಳು ಮನೆಯ ಬೆಳಕು

ಹೋದ ಸಲ ನಮ್ಮ ಮನೆ ಅಟ್ಟದ ಬಗ್ಗೆ ಬರೆದಿದ್ದೆ. ಓದಿದವರಲ್ಲಿ ಕೆಲವರು ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ಚಿಕ್ಕ ಮನೆಗೆ ಲೈಟ್ ಎಷ್ಟು ಹಾಕ್ಸಿದ್ದೀರಾ?" ಉತ್ತರ ಹೇಳೋಕೆ ಸ್ವಲ್ಪ ನಾಚಿಕೆ. ಮೊದಲು ಎಂಟು ಹಾಕಿಸಿದ್ದೆ. ಈಗ ಆ ಎಂಟರಲ್ಲಿ ಎರಡು ಉರಿಯುತ್ತವೆ, ಅದೂ ನೆಂಟರು ಬಂದಾಗ ಮಾತ್ರ.

ಹೊಸದಾಗಿ ಓದ್ತಿರೋರಿಗೆ ಹೇಳಿಬಿಡ್ತೀನಿ. ನಮ್ಮದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ. (2014ರಲ್ಲಿ ಬಿಜಾಪುರಕ್ಕೂ ಇದೇ ಹೆಸರು ಬಂದ ಮೇಲೆ ನಮ್ಮ ಪಾರ್ಸೆಲ್‌ಗಳು ಆಗಾಗ ಉತ್ತರ ಕರ್ನಾಟಕ ಸುತ್ತಾಡಿಕೊಂಡು ಬರ್ತವೆ.) ರೇಷ್ಮೆಯ ಊರು. ಮನೆ ಪಾಲಾದಾಗ ಮುಂದಿನ ಮನೆ ದೊಡ್ಡಪ್ಪನಿಗೆ ಹೋಯ್ತು, ನಮಗೆ ಬಂದಿದ್ದು ಹಿತ್ತಲಿನ ಹುಳು ಮನೆ, ಅಂದ್ರೆ ತಾತ ರೇಷ್ಮೆ ಹುಳು ಸಾಕ್ತಿದ್ದ ಕೋಣೆ. 12 ಅಡಿ ಅಗಲ, 22 ಅಡಿ ಉದ್ದ. ಒಂದು ಮೂಲೆಯಲ್ಲಿ ಅಡುಗೆ ಕಟ್ಟೆ, ಹಿಂದುಗಡೆ ಬಾತ್‌ರೂಮು, ಕಿಟಕಿ ಪಕ್ಕ ಅಮ್ಮನ ಮಂಚ. ಅಟ್ಟದ ಮೇಲೆ ನಾನು, ನನ್ನ ಹೆಂಡತಿ. ಅಟ್ಟದ ಕೆಳಗೆ ನನ್ನ ಲ್ಯಾಪ್‌ಟಾಪ್, ಟೇಬಲ್ಲು.

ರಿಪೇರಿ ಮಾಡಿಸುವಾಗ ನನಗಿದ್ದ ಆಸೆ ಒಂದೇ, ಮನೆ ಬೆಳ್ಳಗೆ ಹೊಳೀಬೇಕು. ಅದಕ್ಕೊಂದು ಕಾರಣವೂ ಇದೆ. ನಾನು ಓದಿ ಬೆಳೆದಿದ್ದು 40 ವ್ಯಾಟ್ ಹಳದಿ ಬಲ್ಬಿನ ಕೆಳಗೆ. ಹಳದಿ ಅಂದ್ರೆ ಬಡತನ, ಬಿಳಿ ಅಂದ್ರೆ ಅನುಕೂಲಸ್ಥರ ಮನೆ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. 2015ರಲ್ಲಿ ಉಜಾಲಾ ಯೋಜನೆ ಬಂದು 9 ವ್ಯಾಟ್‌ನ ಎಲ್‌ಇಡಿ ಮನೆಮನೆಗೆ ತಲುಪಿದ ಮೇಲಂತೂ ಬಿಳಿ ಬೆಳಕು ಬಿಟ್ಟರೆ ಬೇರೆ ಬೆಳಕೇ ಇಲ್ಲ ಅನ್ನೋ ಹಾಗಾಯ್ತು. ಹಾಗಾಗಿ ಪಿಒಪಿ ಸೀಲಿಂಗ್ ಮಾಡಿಸಿ, 12 ವ್ಯಾಟ್‌ನ ಎಂಟು ಡೌನ್‌ಲೈಟ್ ಕೂರಿಸಿದೆ. ಎಲ್ಲಾ 6500 ಕೆಲ್ವಿನ್, ನೀಲಿ ಛಾಯೆಯ ಬಿಳಿ. ಎಂಟಕ್ಕೂ ಒಂದೇ ಸ್ವಿಚ್. ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ, ಇಡೀ ಮನೆಗೆ ಒಂದೇ ಗ್ಲೋಬಲ್ ವೇರಿಯಬಲ್. ಕೋಡ್‌ನಲ್ಲಿ ಬೇರೆ ಯಾರಾದ್ರೂ ಹೀಗೆ ಬರೆದಿದ್ರೆ ನಾನೇ ರಿವ್ಯೂನಲ್ಲಿ ವಾಪಸ್ ಕಳಿಸ್ತಿದ್ದೆ.

ಗೃಹಪ್ರವೇಶದ ದಿನ ಬಂದವರೆಲ್ಲ "ಎಷ್ಟು ಲಕ್ಷಣವಾಗಿದೆ" ಅಂದ್ರು. ಅಮ್ಮ ಏನೂ ಹೇಳಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಅಮ್ಮನ ಬಲಗಣ್ಣಿಗೆ ಪೊರೆ ಆಪರೇಷನ್ ಆಯ್ತು. ಆಮೇಲಿಂದ ಸಂಜೆ ಏಳಾದ್ರೆ ಸಾಕು, ದೊಡ್ಡಮ್ಮನ ಮನೆ ಜಗಲಿಗೆ ಹೋಗಿ ಕೂರೋಕೆ ಶುರು ಮಾಡಿದ್ರು. ಹರಟೆಗೆ ಹೋಗ್ತಾರೆ ಅಂದ್ಕೊಂಡೆ. ನನ್ನ ಕ್ಲೈಂಟ್ ಅಮೆರಿಕದವರು, ಕಾಲ್ ಮುಗಿಯೋದು ರಾತ್ರಿ ಹನ್ನೊಂದೂವರೆಗೆ. ಅಲ್ಲಿವರೆಗೂ ಎಂಟೂ ಲೈಟ್ ಉರೀಬೇಕು. ಅಮ್ಮ ಮಂಚದ ಮೇಲೆ ಸೆರಗು ಮುಖದ ಮೇಲೆ ಎಳ್ಕೊಂಡು ಮಲಗಿರೋರು. "ಲೈಟ್ ಆಫ್ ಮಾಡ್ಲಾಮ್ಮಾ?" ಅಂದ್ರೆ, "ಬೇಡ ಕಣೋ, ನಿನ್ ಕೆಲ್ಸ ಮುಗೀಲಿ." ಅಷ್ಟೇ.

ಒಂದು ರಾತ್ರಿ ಎರಡು ಗಂಟೆಗೆ ದಡ್ ಅಂತ ಶಬ್ದ. ಅಟ್ಟದಿಂದ ಇಳಿದು ನೋಡಿದ್ರೆ ಅಮ್ಮ ಬಾತ್‌ರೂಮಿನ ಮೆಟ್ಟಿಲ ಹತ್ರ ಬಿದ್ದಿದ್ದಾರೆ. ಮಣಿಕಟ್ಟಿನಲ್ಲಿ ಸಣ್ಣ ಬಿರುಕು, ನಾಲ್ಕು ವಾರ ಪ್ಲಾಸ್ಟರ್. ಲೈಟ್ ಯಾಕೆ ಹಾಕ್ಕೊಳ್ಳಲಿಲ್ಲ ಅಂತ ರೇಗಿದೆ. "ಹಾಕಿದ್ರೆ ಎಂಟೂ ಒಟ್ಗೆ ಹತ್ಕೊಳ್ತವಲ್ಲೋ. ಬೆಳಿಗ್ಗೆ ಅವಳು ಬೇಗ ಎದ್ದು ಬಸ್ ಹಿಡೀಬೇಕು, ನಿದ್ದೆ ಕೆಡುತ್ತೆ ಅಂತ."

ಪ್ಲಾಸ್ಟರ್ ಹಾಕ್ಕೊಂಡು ಮಲಗಿದ್ದಾಗಲೇ ಒಂದು ದಿನ ಸೀಲಿಂಗ್ ನೋಡ್ತಾ ಅಮ್ಮ ಅಂದ್ರು, "ನಿಮ್ಮ ತಾತ ಇದೇ ಕಿಟಕಿಗೆ ಗೋಣಿಚೀಲ ಕಟ್ಟೋರು. ಬೆಳಕು ಜಾಸ್ತಿಯಾದ್ರೆ ಹುಳಕ್ಕೆ ಆಗಲ್ಲ ಅಂತ."

ಅದು ತಾತನ ಮೂಢನಂಬಿಕೆ ಏನಲ್ಲ. ರೇಷ್ಮೆ ಹುಳುವಿಗೆ ಪೂರ್ತಿ ಕತ್ತಲೂ ಬೇಡ, ಜೋರು ಬೆಳಕೂ ಬೇಡ, 15ರಿಂದ 20 ಲಕ್ಸ್‌ನಷ್ಟು ಮಂದ ಬೆಳಕು ಸಾಕು. ಹಣ್ಣಾದ ಹುಳುಗಳನ್ನ ಚಂದ್ರಿಕೆಗೆ ಬಿಟ್ಟಾಗ ಒಂದು ಕಡೆಯಿಂದ ಜೋರು ಬೆಳಕು ಬಿದ್ರೆ, ಎಲ್ಲವೂ ಕತ್ತಲಿರೋ ಕಡೆಗೇ ಹೋಗಿ ಗುಂಪಾಗ್ತವೆ. ಆಗ ಎರಡು ಹುಳು ಸೇರಿ ಒಂದೇ ಗೂಡು ಕಟ್ಟೋದು ಜಾಸ್ತಿ. ಅಂಥ ಜೋಡಿ ಗೂಡಿನಿಂದ ನೂಲು ಸರಾಗವಾಗಿ ಬಿಚ್ಚಲ್ಲ, ಮಾರ್ಕೆಟ್‌ನಲ್ಲಿ ರೇಟ್ ಬಿದ್ದುಹೋಗುತ್ತೆ. ಹಾಗಾಗಿ ತಾತ ಬೆಳಕಿಗೆ ಅಷ್ಟು ಹೆದರ್ತಿದ್ರು. ಫೋನಿನಲ್ಲಿ ಲಕ್ಸ್ ಅಳೆಯೋ ಒಂದು ಆಪ್ ಹಾಕ್ಕೊಂಡು ಅಮ್ಮನ ದಿಂಬಿನ ಮೇಲೆ ಇಟ್ಟೆ. ಫೋನಿನ ಅಳತೆ ಪೂರ್ತಿ ನಂಬೋ ಹಾಗಿಲ್ಲ, ಆದರೂ ತೋರಿಸಿದ್ದು 380. ಆಫೀಸುಗಳಲ್ಲಿ ಟೇಬಲ್ ಮೇಲೆ 300ರಿಂದ 500 ಇರುತ್ತೆ. ಅಂದ್ರೆ ನಮ್ಮಮ್ಮ ದಿನಾ ರಾತ್ರಿ ಒಂದು ಆಫೀಸಿನಲ್ಲಿ ಮಲಗ್ತಿದ್ರು.

ಆಮೇಲೆ ಕೂತು ಸರಿಯಾಗಿ ಓದ್ಕೊಂಡೆ. ಬಿಳಿ ಎಲ್‌ಇಡಿ ಅಂದ್ರೆ ನಿಜಕ್ಕೂ ನೀಲಿ ಎಲ್‌ಇಡಿ. ಅದರ ಮೇಲೆ ಹಳದಿ ಫಾಸ್ಫರ್ ಲೇಪ ಇರುತ್ತೆ, ಎರಡೂ ಸೇರಿ ಕಣ್ಣಿಗೆ ಬಿಳಿಯಾಗಿ ಕಾಣುತ್ತೆ. (ಆ ನೀಲಿ ಎಲ್‌ಇಡಿ ಕಂಡುಹಿಡಿದದ್ದಕ್ಕೇ ಅಕಸಾಕಿ, ಅಮಾನೊ, ನಾಕಾಮುರ ಮೂವರಿಗೆ 2014ರ ನೊಬೆಲ್ ಬಂತು.) 6500 ಕೆಲ್ವಿನ್ ಬಲ್ಬಿನಲ್ಲಿ ನೀಲಿ ಪಾಲು ಜಾಸ್ತಿ, 2700ರಲ್ಲಿ ಕಡಿಮೆ. ಮೆದುಳಿಗೆ "ಇನ್ನೂ ಹಗಲು" ಅಂತ ಹೇಳೋ ಕೋಶಗಳು ಕಣ್ಣಲ್ಲಿವೆ, ಅವು ಹೆಚ್ಚು ಸ್ಪಂದಿಸೋದು ಈ ನೀಲಿಗೇ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿಯನ್ನ ಸ್ವಲ್ಪ ತಡೆಯುತ್ತೆ. ಪೊರೆ ತೆಗೆದು ಹೊಸ ಲೆನ್ಸ್ ಹಾಕಿದಾಗ ಆ ತಡೆ ಹೋಗಿಬಿಡುತ್ತೆ. "ಗೋಡೆ ನೀಲಿ ಬಳಿಸಿದ್ದೀರಾ?" ಅಂತ ಅಮ್ಮ ಒಂದ್ಸಲ ಕೇಳಿದ್ದು ನೆನಪಾಯ್ತು. ಆಗ ನಾವಿಬ್ರೂ ನಕ್ಕಿದ್ವಿ.

ಹಾಗಂತ ವಯಸ್ಸಾದವರಿಗೆ ಬೆಳಕೇ ಕಡಿಮೆ ಮಾಡಿ ಅಂತಲ್ಲ. ಇಲ್ಲೇ ಬಹಳ ಜನ ಎಡವೋದು. ಅಮ್ಮನ ಎಡಗಣ್ಣಿಗೆ ಇನ್ನೂ ಆಪರೇಷನ್ ಆಗಿಲ್ಲ. 60 ದಾಟಿದ ಅಂಥ ಕಣ್ಣಿನ ಒಳಗೆ ತಲುಪೋ ಬೆಳಕು 20ರ ಹುಡುಗರ ಕಣ್ಣಿಗೆ ತಲುಪೋದರ ಸುಮಾರು ಮೂರನೇ ಒಂದು ಭಾಗ. ಹೂ ಕಟ್ಟೋಕೆ, ಅಕ್ಕಿ ಆರಿಸೋಕೆ ಅವರಿಗೆ ನನಗಿಂತ ಜಾಸ್ತಿ ಬೆಳಕು ಬೇಕು. ಆದರೆ ಅದು ತೊಡೆ ಮೇಲಿರೋ ಮೊರದ ಮೇಲೆ ಬೀಳಬೇಕು, ಕಣ್ಣಿನೊಳಗೆ ಅಲ್ಲ. ನಮ್ಮ ಸೀಲಿಂಗ್ ತಗ್ಗು, ಮಲಗಿದವರ ಕಣ್ಣು ನೆಟ್ಟಗೆ ಡೌನ್‌ಲೈಟನ್ನೇ ನೋಡುತ್ತೆ. ಸಾಲದ್ದಕ್ಕೆ ನಾನು ಕನ್ನಡಿಯಂಥ ವಿಟ್ರಿಫೈಡ್ ಟೈಲ್ಸ್ ಬೇರೆ ಹಾಕಿಸಿದ್ದೆ. ಎಂಟು ಲೈಟ್ ಕೆಳಗೆ ಇನ್ನೊಂದೆಂಟಾಗಿ ಹೊಳೆಯೋವು. ನೆಲ ಒದ್ದೆಯಿದೆ ಅಂದ್ಕೊಂಡು ಅಮ್ಮ ಗೋಡೆ ಹಿಡ್ಕೊಂಡು ನಡೀತಿದ್ರು ಅಂತ ಗೊತ್ತಾಗಿದ್ದೂ ಆಗಲೇ. ಟೈಲ್ಸ್ ಕೀಳೋಕಾಗಲ್ಲ, ಒಂದು ಚಾಪೆ ಹಾಸಿದೆ.

ಒಂದೇ ಕೋಣೆಯ ಮನೆಗೆ ಲೈಟ್ ಹಾಕೋವಾಗ ಕೋಣೆಯ ಅಳತೆ ಹಿಡಿದರೆ ಸಾಲಲ್ಲ. ಯಾರು, ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡ್ತಿರ್ತಾರೆ ಅಂತ ಬರೆದುಕೊಂಡು ಅವರವರಿಗೆ ಅವರವರ ಲೈಟು, ಅವರ ಕೈಗೆಟುಕೋ ಸ್ವಿಚ್ಚು ಕೊಡಬೇಕು. ಗೋಡೆ ಕಟ್ಟೋಕೆ ಜಾಗ ಇಲ್ಲದ ಕಡೆ ಬೆಳಕೇ ಗೋಡೆ ಆಗುತ್ತೆ. ನನ್ನ ಟೇಬಲ್ ಮೇಲೆ ಬೆಳಕಿದ್ದು ಮಂಚದ ಕಡೆ ಮಬ್ಬಾಗಿದ್ರೆ ಅಮ್ಮನಿಗೆ ಅದು ಬೇರೆ ರೂಮೇ.

ಅಮ್ಮನ ಮಂಚದ ಪಕ್ಕ ಗೋಡೆಗೆ ಶೇಡ್ ಇರೋ 7 ವ್ಯಾಟ್ ದೀಪ ಹಾಕಿಸಿದೆ, 2700 ಕೆಲ್ವಿನ್. ಕೂತರೆ ಬೆಳಕು ಮಡಿಲಿಗೆ ಬೀಳುತ್ತೆ, ಮಲಗಿದ್ರೆ ಬಲ್ಬು ಕಾಣಲ್ಲ. "ಅಯ್ಯೋ, ಹಳೇ ಬಲ್ಬ್ ತರ ಇದೆ" ಅಂದ್ರು. ಹಳದಿ ಅಂದ್ರೆ ಮಂಕು ಅನ್ನೋದು ನಮ್ಮ ಭ್ರಮೆ, ಒಂದೇ ವ್ಯಾಟ್‌ನ ಎರಡು ಬಲ್ಬಿನ ಡಬ್ಬಿ ಪಕ್ಕಪಕ್ಕ ಹಿಡಿದು ಲ್ಯೂಮೆನ್ ನೋಡಿ, ಹೆಚ್ಚು ವ್ಯತ್ಯಾಸ ಇರಲ್ಲ. ನನಗೊಂದು ಟೇಬಲ್ ಲ್ಯಾಂಪ್, 4000 ಕೆಲ್ವಿನ್. ರಾತ್ರಿಗೆ ಮಂಚದ ಕೆಳಗೊಂದು, ಬಾತ್‌ರೂಮಿನ ಮೆಟ್ಟಿಲ ಹತ್ರ ಒಂದು ಸೆನ್ಸರ್ ದೀಪ. ಕಾಲು ನೆಲಕ್ಕಿಟ್ಟರೆ ಹತ್ತಿಕೊಳ್ಳುತ್ತೆ, ಬೆಳಕು ಮೊಣಕಾಲಿಗಿಂತ ಮೇಲೆ ಬರಲ್ಲ, ಅಟ್ಟದವರಿಗೆ ಗೊತ್ತೇ ಆಗಲ್ಲ. ಇಡೀ ಕೆಲಸದಲ್ಲಿ ಅತಿ ಕಡಿಮೆ ದುಡ್ಡಿನ ಐಟಂ ಇದು. ಮೊದಲೇ ಇದ್ದಿದ್ರೆ ಪ್ಲಾಸ್ಟರ್ ಇರ್ತಿರಲಿಲ್ಲ.

ಅಡುಗೆ ಕಟ್ಟೆಗೆ ಶೆಲ್ಫಿನ ಕೆಳಗೆ ಸ್ಟ್ರಿಪ್ ಹಾಕಿದ್ವಿ. ಮೊದಲು ಲೈಟ್ ಬೆನ್ನ ಹಿಂದೆ ಇತ್ತು, ಹೆಚ್ಚೋ ತರಕಾರಿ ಮೇಲೆ ನಮ್ಮದೇ ನೆರಳು ಬೀಳ್ತಿತ್ತು. ಇಲ್ಲಿ ಮಾತ್ರ ಸಿಆರ್‌ಐ 90ಕ್ಕಿಂತ ಮೇಲಿರೋದನ್ನೇ ತಗೊಂಡೆ. ಸಿಆರ್‌ಐ ಅಂದ್ರೆ ಆ ಬೆಳಕಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣ್ತವೆ ಅನ್ನೋ ಅಳತೆ. ಸೀರೆಗೆ ಬ್ಲೌಸ್ ಪೀಸ್ ಮ್ಯಾಚ್ ಮಾಡೋಕೆ ಹೆಂಗಸರು ಅಂಗಡಿ ಬಾಗಿಲಿಗೆ ಬಂದು ಬಿಸಿಲಲ್ಲಿ ಹಿಡಿದು ನೋಡ್ತಾರಲ್ಲ, ಅದೇ ವಿಚಾರ. ಸಿಆರ್‌ಐ ಕಡಿಮೆ ಇದ್ರೆ ಕೆಂಪು ಸತ್ತ ಹಾಗೆ ಕಾಣುತ್ತೆ, ಸಾರಿನ ಬಣ್ಣ ನೋಡಿ ಖಾರ ಅಂದಾಜು ಮಾಡೋರಿಗೆ ಕಷ್ಟ.

ಆನ್‌ಲೈನ್‌ನಲ್ಲಿ ತರಿಸಿದ ಮೊದಲ ಸ್ಟ್ರಿಪ್ ವಾಪಸ್ ಕಳಿಸಬೇಕಾಯ್ತು. ಅದರ ಕೆಳಗೆ ಹತ್ತು ನಿಮಿಷ ನಿಂತರೆ ಹೆಂಡತಿಗೆ ತಲೆನೋವು. ನಮ್ಮ ಕರೆಂಟು 50 ಹರ್ಟ್ಸ್, ಡ್ರೈವರ್ ಕಳಪೆಯಾಗಿದ್ರೆ ಲೈಟು ಸೆಕೆಂಡಿಗೆ 100 ಸಲ ಮಿಣುಕುತ್ತೆ. ನೇರವಾಗಿ ಕಣ್ಣಿಗೆ ಕಾಣಲ್ಲ, ಫೋನಿನ ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿದ್ರೆ ಪಟಪಟ ಹೊಡ್ಕೊಳ್ಳೋದು ಕಾಣುತ್ತೆ. ಅಂಗಡಿಯಲ್ಲೇ ಬಲ್ಬ್ ಹಾಕಿಸಿ ಹೀಗೆ ನೋಡಿ, ಅವರೇನೂ ಬೇಜಾರು ಮಾಡ್ಕೊಳ್ಳಲ್ಲ. ಇನ್ನೊಂದು, ಬೆಳಕು ಕಮ್ಮಿ ಮಾಡೋಕೆ ಅಂತ ನಮ್ಮ ಎಲೆಕ್ಟ್ರಿಷಿಯನ್ ಡೌನ್‌ಲೈಟಿಗೆ ಫ್ಯಾನ್ ರೆಗ್ಯುಲೇಟರ್ ಹಾಕಿ ನೋಡಿದ್ರು. ಜೇನುಹುಳದ ತರ ಗುಂಯ್ ಅಂತು. ಡಬ್ಬಿ ಮೇಲೆ 'ಡಿಮ್ಮಬಲ್' ಅಂತ ಇದ್ರೆ ಮಾತ್ರ, ಅದೂ ಎಲ್‌ಇಡಿಗೆ ಅಂತಲೇ ಮಾಡಿದ ಡಿಮ್ಮರ್‌ಗೆ ಹಾಕಿ.

ಕರೆಂಟ್ ಉಳಿತಾಯದ ಲೆಕ್ಕ ಕೇಳಬೇಡಿ. ಎಂಟೂ ಐದು ಗಂಟೆ ಉರಿದ್ರೆ ಅರ್ಧ ಯೂನಿಟ್ಟೂ ಆಗ್ತಿರಲಿಲ್ಲ.

ಅಟ್ಟದ ಏಣಿಗೆ ಇನ್ನೂ ಸರಿಯಾದ ಲೈಟ್ ಹೊಂದಿಸೋಕಾಗಿಲ್ಲ. ಎಲ್ಲಿ ಇಟ್ಟರೂ ಇಳಿಯುವಾಗ ಕಣ್ಣಿಗೇ ಹೊಡೆಯುತ್ತೆ. ಸಣ್ಣ ಮನೆಯಲ್ಲಿ ಯಾರಾದ್ರೂ ಇದನ್ನ ಸರಿಮಾಡಿದ್ರೆ ಬರೆದು ತಿಳಿಸಿ.

ಮೊನ್ನೆ ರಾತ್ರಿ ವಿಡಿಯೊ ಕಾಲ್‌ನಲ್ಲಿ ಕ್ಲೈಂಟ್ ಕೇಳಿದ್ರು, ಯಾಕೆ ನಿಮ್ಮ ಹಿಂದೆ ಎಲ್ಲಾ ಕತ್ತಲು, ಕರೆಂಟ್ ಹೋಗಿದ್ಯಾ ಅಂತ. ಇಲ್ಲ, ಅಮ್ಮ ಮಲಗಿದ್ದಾರೆ ಅಂದೆ.